ಬದಲಿ ಆಟಗಾರರ ಮೂರು ಪಂದ್ಯಗಳು: ವಾಷಿಂಗ್ಟನ್, 1987

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಒಕ್ಕೂಟವಾದ ಎನ್‌ಎಫ್‌ಎಲ್‌ನಲ್ಲಿ 1987ರ ಸೆಪ್ಟೆಂಬರ್ 22ರಂದು ಆರಂಭವಾದ ಮುಷ್ಕರದ ಕೇಂದ್ರದಲ್ಲಿದ್ದುದು ದುಡಿಮೆಯ ಸ್ವಾತಂತ್ರ್ಯದ ಪ್ರಶ್ನೆ. ಒಪ್ಪಂದದ ಅವಧಿ ಮುಗಿದ ಆಟಗಾರನನ್ನು ಬೇರೆ ತಂಡವು ಸೇರಿಸಿಕೊಂಡರೆ ಹಳೆಯ ತಂಡಕ್ಕೆ ಪರಿಹಾರ ತೆರಬೇಕೆಂಬ ನಿಯಮವಿದ್ದುದರಿಂದ, ಅಂಥವನನ್ನು ಕರೆಯುವವರೇ ವಿರಳರಾಗಿದ್ದರು. ಅವಧಿ ಮುಗಿದೊಡನೆ ತನಗೆ ಒಪ್ಪುವ ತಂಡವನ್ನು ಸೇರುವ ಈ ಹಕ್ಕನ್ನೇ, ಅಂದರೆ 'ಫ್ರೀ ಏಜೆನ್ಸಿ'ಯನ್ನೇ, ಜೀನ್ ಅಪ್‌ಶಾ ನೇತೃತ್ವದ ಆಟಗಾರರ ಸಂಘವು ಮುಖ್ಯವಾಗಿ ಕೇಳಿತು.

57 ದಿನ ನಡೆದ 1982ರ ಮುಷ್ಕರದಲ್ಲಿ ಪಂದ್ಯಗಳೇ ನಿಂತುಹೋಗಿದ್ದ ಅನುಭವವಿದ್ದ ಮಾಲೀಕರು, ಈ ಸಲ ಒಂದು ವಾರದ ಪಂದ್ಯಗಳನ್ನಷ್ಟೇ ಕೈಬಿಟ್ಟು, ಮುಂದಿನ ಮೂರು ವಾರಗಳಿಗೆ ಬದಲಿ ಆಟಗಾರರನ್ನು ಕರೆತಂದರು. ಆಯ್ಕೆಯ ಕೊನೆಯ ಹಂತದಲ್ಲಿ ತಂಡದಿಂದ ಹೊರಬಿದ್ದವರು, ಬೇರೆ ಉದ್ಯೋಗ ಹಿಡಿದಿದ್ದವರು ಹೀಗೆ ಅಂಗಳಕ್ಕೆ ಮರಳಿದರು. ಮುಷ್ಕರನಿರತರು ಅವರನ್ನು 'ಸ್ಕ್ಯಾಬ್' ಎಂದು ಕರೆದರು. ಗಾಯದ ಮೇಲಿನ ಹಕ್ಕಳೆಯನ್ನು ಸೂಚಿಸುವ ಈ ಪದವು ಕಾರ್ಮಿಕ ವಲಯದಲ್ಲಿ ಮುಷ್ಕರ ಮುರಿಯುವವನಿಗೆ ಸಲ್ಲುವ ಬೈಗುಳ. ವಾಷಿಂಗ್ಟನ್ನಿನಲ್ಲಿ ಬದಲಿ ಆಟಗಾರರಿದ್ದ ಬಸ್ಸಿನ ಕಿಟಕಿ ಗಾಜನ್ನೇ ಒಡೆಯಲಾಯಿತು.

ವಾಷಿಂಗ್ಟನ್ ತಂಡದ ಕಾಯಂ ಆಟಗಾರರಲ್ಲಿ ಒಬ್ಬನೂ ಮುಷ್ಕರವನ್ನು ಮುರಿಯಲಿಲ್ಲವಾದ್ದರಿಂದ, ತರಬೇತುದಾರ ಜೋ ಗಿಬ್ಸ್ ಪೂರ್ತಿ ಬದಲಿ ಆಟಗಾರರನ್ನೇ ನೆಚ್ಚಬೇಕಾಯಿತು. ಅವರು ಸೇಂಟ್ ಲೂಯಿಸ್ ತಂಡವನ್ನು 28-21ರಿಂದಲೂ ನ್ಯೂಯಾರ್ಕ್ ಜೈಂಟ್ಸ್ ತಂಡವನ್ನು 38-12ರಿಂದಲೂ ಸೋಲಿಸಿದರು. ಮೊದಲ ಪಂದ್ಯದಲ್ಲಿ ಆಂಥೊನಿ ಆ್ಯಲನ್ ಚೆಂಡು ಹಿಡಿದು ಗಳಿಸಿದ 255 ಗಜಗಳು ತಂಡದ ದಾಖಲೆಯಾದವು. ಅಕ್ಟೋಬರ್ 15ರಂದು ಸಂಘವು ಮುಷ್ಕರವನ್ನು ಕೈಬಿಟ್ಟರೂ, ಆ ವಾರ ಆಡಲು ಮರಳಬೇಕಾದ ಗಡುವು ಅಷ್ಟರಲ್ಲೇ ಮೀರಿದ್ದರಿಂದ, 19ರ ರಾತ್ರಿ ಡಲ್ಲಾಸ್‌ನಲ್ಲಿ ನಡೆದ ಪಂದ್ಯಕ್ಕೂ ಇವರೇ ಇಳಿಯಬೇಕಾಯಿತು. ಎದುರಾಳಿಗಳಲ್ಲಿ ಮುಷ್ಕರ ಮುರಿದು ಮೊದಲೇ ಮರಳಿದ್ದ ಟೋನಿ ಡಾರ್ಸೆಟ್, ರ‍್ಯಾಂಡಿ ವೈಟ್, ಡ್ಯಾನಿ ವೈಟ್ ಅವರಂಥ ಹೆಸರಾಂತ ಕಾಯಂ ಆಟಗಾರರಿದ್ದರು. ದಾಳಿಯನ್ನು ಮುನ್ನಡೆಸುವ ಕ್ವಾರ್ಟರ್‌ಬ್ಯಾಕ್ ಸ್ಥಾನದಲ್ಲಿದ್ದ ಎಡ್ ರಬರ್ಟ್ ಗಾಯಗೊಂಡು ಹೊರನಡೆದಾಗ, ಸೆರೆವಾಸದ ಶಿಕ್ಷೆಯ ನಡುವೆ ಆಡಲು ಅನುಮತಿ ಪಡೆದು ಬಂದಿದ್ದ ಟೋನಿ ರಾಬಿನ್‌ಸನ್ ಆ ಹೊಣೆ ಹೊತ್ತರು. ವಾಷಿಂಗ್ಟನ್ 13-7ರಿಂದ ಗೆದ್ದಿತು.

ಈ ಘಟನೆಗಳಿಂದ ಪ್ರೇರಿತವಾಗಿ ಹೊವರ್ಡ್ ಡಾಯ್ಚ್ ನಿರ್ದೇಶಿಸಿದ 'ದಿ ರಿಪ್ಲೇಸ್‌ಮೆಂಟ್ಸ್' ಎಂಬ ಹಾಸ್ಯಚಿತ್ರ 2000ದಲ್ಲಿ ತೆರೆಕಂಡಿತು. ಕಿಯಾನು ರೀವ್ಸ್ ಮತ್ತು ಜೀನ್ ಹ್ಯಾಕ್‌ಮನ್ ಅಭಿನಯಿಸಿದ ಆ ಚಿತ್ರದಲ್ಲಿ ತಂಡದ ಹೆಸರು ಕಲ್ಪಿತವಾದರೂ, ಸೆರೆಯಿಂದ ಬಂದ ಆಟಗಾರನೂ ಡಲ್ಲಾಸ್ ವಿರುದ್ಧದ ಕೊನೆಯ ಪಂದ್ಯವೂ ಇತಿಹಾಸದ ಗುರುತನ್ನು ಉಳಿಸಿಕೊಂಡಿವೆ. ಕಡೆಗಣಿಸಲ್ಪಟ್ಟವರ ಛಲವನ್ನು ಅದು ಅಕ್ಕರೆಯಿಂದ ಚಿತ್ರಿಸುತ್ತದೆ. ಆದರೆ ಮುಷ್ಕರನಿರತರನ್ನು ಸುಖಕ್ಕೆ ಒಗ್ಗಿದ ಹಣದಾಸೆಯವರೆಂದು ತೋರಿಸುವಾಗ ಅವರ ಬೇಡಿಕೆಯ ನ್ಯಾಯ ಮರೆಯಾಗುತ್ತದೆ.

ಎರಡೂ ಪಾಳೆಯದವರು ತಮ್ಮ ದುಡಿಮೆಗೆ ತಕ್ಕ ಮನ್ನಣೆಯನ್ನೇ ಅರಸುತ್ತಿದ್ದರು. ಮುಷ್ಕರ ಸೋತರೂ ನ್ಯಾಯಾಲಯದಲ್ಲಿ ಮುಂದುವರಿದ ಹೋರಾಟದ ಫಲವಾಗಿ 1993ರಲ್ಲಿ ಫ್ರೀ ಏಜೆನ್ಸಿ ಜಾರಿಗೆ ಬಂದಿತು. ಆ ಮೂರು ಗೆಲುವುಗಳನ್ನೂ ಲೆಕ್ಕದಲ್ಲಿ ಹೊತ್ತು ಮುಂದೆ ಸಾಗಿದ ವಾಷಿಂಗ್ಟನ್, 1988ರ ಜನವರಿ 31ರಂದು ಡೆನ್ವರ್ ತಂಡವನ್ನು 42-10ರಿಂದ ಮಣಿಸಿ ಸೂಪರ್ ಬೌಲ್ ಪ್ರಶಸ್ತಿಯನ್ನು ಪಡೆದಾಗ, ಗೆದ್ದವರಿಗೆ ಸಲ್ಲುವ ಉಂಗುರ ಬದಲಿ ಆಟಗಾರರ ಕೈಸೇರಲಿಲ್ಲ. ಅದು ಅವರಿಗೆ ದೊರೆತದ್ದು 2018ರಲ್ಲಿ, ಮೂವತ್ತು ವರ್ಷಗಳ ಬಳಿಕ.