ಸಾಂಕ್ರಾಮಿಕದ ಕಾಲದಲ್ಲಿ ವಿಕಲಚೇತನರ ನೆರವು: ದುಮ್ಮವಾಡ ಸೀಮೆಯ ಚರಿತ್ರೆ

ಕಲಘಟಗಿ ತಾಲ್ಲೂಕಿನ ದುಮ್ಮವಾಡ ಸೀಮೆಯಲ್ಲಿ ವಿಕಲಚೇತನರಿಗೆ ಸರ್ಕಾರದ ನೆರವು ಸಿಗುವುದು ಎಣಿಕೆಯಿಂದ ಆರಂಭವಾಗುತ್ತದೆ. ಯಾರಿಗೆ ಯಾವ ನ್ಯೂನತೆ, ಎಷ್ಟು ಪರ್ಸೆಂಟ್, ಮಾಸಾಶನ ಮಂಜೂರಾಗಿದೆಯೋ ಇಲ್ಲವೋ ಎಂಬ ವಿವರದ ಪಟ್ಟಿ ಗ್ರಾಮ ಪಂಚಾಯಿತಿಯಲ್ಲಿರುತ್ತದೆ. 2020 ಮತ್ತು 2021ರ ಕೊರೊನಾ ಕಾಲದಲ್ಲಿ ಹಣ, ಔಷಧ, ಲಸಿಕೆಗಳು ಬಹುಮಟ್ಟಿಗೆ ಇಂಥ ಪಟ್ಟಿಗಳ ಜಾಡು ಹಿಡಿದೇ ಹಳ್ಳಿಗೆ ಬಂದವು. ಪಟ್ಟಿಯಲ್ಲಿದ್ದವರಿಗೆ ಎಷ್ಟೋ ಕೊರತೆಗಳ ನಡುವೆಯೂ ಒಂದಿಷ್ಟು ಆಸರೆ ದೊರೆಯಿತು. ಅವರನ್ನು ಹಗಲೂ ರಾತ್ರಿ ನೋಡಿಕೊಳ್ಳುವ ತಾಯಿ, ಹೆಂಡತಿ, ಅಕ್ಕತಂಗಿಯರಿಗೆ ಮಾತ್ರ ಲಸಿಕೆಯದೊಂದನ್ನು ಬಿಟ್ಟು ಬೇರಾವ ಪಟ್ಟಿಯಲ್ಲೂ ಅಂಕಣವಿರಲಿಲ್ಲ.

ಈ ಎಣಿಕೆ ಹಳೆಯದು. ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲಿ, 1881ರಿಂದ 1931ರವರೆಗಿನ ಪ್ರತಿ ಜನಗಣತಿಯೂ ಕುರುಡರು, ಕಿವುಡ-ಮೂಕರು, ಬುದ್ಧಿಭ್ರಮಣೆಯಾದವರು, ಕುಷ್ಠರೋಗಿಗಳು ಎಂದು ನಾಲ್ಕು ಬಗೆಯ ಜನರನ್ನು ಲೆಕ್ಕ ಹಾಕಿತು. ಹಾಗೆ ಲೆಕ್ಕಕ್ಕೆ ಬಂದವರಿಗೆ ಅದರಿಂದ ಏನೂ ದೊರೆಯಲಿಲ್ಲ. ಅವರ ಬದುಕು ಮನೆಮಂದಿಯ ಹೊಣೆಯಾಗಿತ್ತು; ಮನೆಯವರಿಲ್ಲದವರು ಮಠದ ದಾಸೋಹವನ್ನೋ ಜಾತ್ರೆ-ಸಂತೆಗಳಲ್ಲಿ ಬೇಡಿ ಸಿಕ್ಕಿದ್ದನ್ನೋ ನಂಬಿ ಬದುಕಬೇಕಿತ್ತು. ಸಿಡುಬಿನಿಂದ ಕಣ್ಣು ಕಳೆದುಕೊಂಡ ಮಕ್ಕಳು ಆ ಕಾಲದ ಹಳ್ಳಿಗಳಲ್ಲಿ ಅಪರೂಪವಾಗಿರಲಿಲ್ಲ.

1898ರಲ್ಲಿ ಹುಬ್ಬಳ್ಳಿಯನ್ನು ಪ್ಲೇಗು ಕಾಡಿದಾಗ ಜನ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ವಿಜ್ಞಾನಿ ಹಾಫ್‌ಕಿನ್ ಕಂಡುಹಿಡಿದ ಪ್ಲೇಗು ಲಸಿಕೆಯನ್ನು ಅದೇ ವರ್ಷ ಹುಬ್ಬಳ್ಳಿಯಲ್ಲಿ ಸಾವಿರಾರು ಜನರಿಗೆ ಹಾಕಲಾಯಿತು. ಭಾರತದಲ್ಲಿ ಇಂಥ ಸಾಮೂಹಿಕ ಲಸಿಕೆಯ ಮೊದಮೊದಲ ದೊಡ್ಡ ಪ್ರಯತ್ನಗಳಲ್ಲಿ ಅದೂ ಒಂದು. ಪ್ಲೇಗಿನ ಹೊತ್ತಿನಲ್ಲಿ ಬಂದ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಸರ್ಕಾರಕ್ಕೆ ಮನೆ ತಪಾಸಣೆ ಮಾಡುವ, ಜನರನ್ನು ಬೇರ್ಪಡಿಸುವ, ಊರು ಬಿಡಿಸುವ ಅಧಿಕಾರವನ್ನು ಕೊಟ್ಟಿತು. ಊರು ಬಿಡಲು ಕಾಲಿಲ್ಲದವರ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ. 1918ರ ಇನ್‌ಫ್ಲುಯೆಂಜಾ ಮುಂಬಯಿ ಪ್ರಾಂತದಲ್ಲಿ 10 ಲಕ್ಷದಷ್ಟು ಜನರನ್ನು ಬಲಿ ತೆಗೆದುಕೊಂಡಾಗಲೂ ಇದೇ ಸ್ಥಿತಿ. ಪ್ಲೇಗಿನ ಸುಮಾರು 120 ವರ್ಷಗಳ ಬಳಿಕ ಲಾಕ್‌ಡೌನ್ ಕಾಲದ ಅನೇಕ ಸರ್ಕಾರಿ ಆದೇಶಗಳು ಅದೇ 1897ರ ಕಾಯ್ದೆಯನ್ನು ಆಧಾರವಾಗಿಟ್ಟುಕೊಂಡವು.

ಸರ್ಕಾರ ಸುಮ್ಮನಿದ್ದ ಆ ಕಾಲದಲ್ಲಿ ಅಂಧರ ಮಟ್ಟಿಗೆ ಧಾರವಾಡ ಸೀಮೆ ತಾನೇ ಒಂದು ದಾರಿ ಕಂಡುಕೊಂಡಿತು. ಹುಟ್ಟುಕುರುಡರಾಗಿದ್ದ ಪಂಚಾಕ್ಷರಿ ಗವಾಯಿಗಳು ಹಾನಗಲ್ಲ ಕುಮಾರಸ್ವಾಮಿಗಳ ಆಸರೆಯಲ್ಲಿ ಸಂಗೀತ ಕಲಿತು, ಅಂಧ ಮತ್ತು ಅನಾಥ ಮಕ್ಕಳನ್ನು ಜೊತೆಗೆ ಕಟ್ಟಿಕೊಂಡು ಊರೂರು ತಿರುಗುವ ಸಂಗೀತ ಶಾಲೆಯನ್ನು ನಡೆಸಿದರು. ಅದೇ ಮುಂದೆ ಗದಗಿನ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆನಿಂತಿತು. ಅವರ ನಂತರ ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವವರೆಗೆ ಅದನ್ನು ಬೆಳೆಸಿದರು. 1997ರವರೆಗೆ ಗದಗ ಧಾರವಾಡ ಜಿಲ್ಲೆಯದೇ ಊರು. ಸುತ್ತಲಿನ ಹಳ್ಳಿಗಳ ಎಷ್ಟೋ ಅಂಧ ಮಕ್ಕಳಿಗೆ ಅನ್ನ, ವಿದ್ಯೆ, ಕಸುಬು ಮೂರೂ ದೊರೆತದ್ದು ಅಲ್ಲಿ. ಈ ನಾಡಿನಲ್ಲಿ ಅಂಗವಿಕಲರ ಪರವಾಗಿ ನಡೆದ ಕೆಲಸಗಳಲ್ಲಿ ಇದರಷ್ಟು ಘನವಾದದ್ದು ಬೇರೆ ಸಿಗುವುದು ಕಷ್ಟ. ಆದರೆ ಅದು ಮನೆ ಬಿಟ್ಟು ಬಂದವರಿಗೆ ಆಶ್ರಯ. ಮನೆಯಲ್ಲೇ ಹಾಸಿಗೆ ಹಿಡಿದವರನ್ನು ತಲುಪುವ ಏರ್ಪಾಡು ಇನ್ನೂ ಬಹಳ ಕಾಲ ಬರಲಿಲ್ಲ.

ಸ್ವಾತಂತ್ರ್ಯಾನಂತರದ ಜನಗಣತಿಗಳು ಅಂಗವಿಕಲರನ್ನು ಎಣಿಸುವುದನ್ನೇ ಕೈಬಿಟ್ಟವು. 1981ರಲ್ಲಿ ಒಮ್ಮೆ ಎಣಿಸಿ, 1991ರಲ್ಲಿ ಮತ್ತೆ ಬಿಟ್ಟು, 2001ರಿಂದ ಮರಳಿ ಸೇರಿಸಿದರು. 2011ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ 13,24,205 ಅಂಗವಿಕಲರಿದ್ದರು. ಮುಂದಿನ ಗಣತಿ 2021ರಲ್ಲಿ ನಡೆಯಬೇಕಿತ್ತು. ಸಾಂಕ್ರಾಮಿಕದಿಂದ ಅದು ಮುಂದಕ್ಕೆ ಹೋಯಿತು. ಹೀಗಾಗಿ ಕೊರೊನಾ ಕಾಲದ ಲೆಕ್ಕಾಚಾರಗಳಿಗೆಲ್ಲ ಒಂದು ದಶಕ ಹಳೆಯ ಅಂಕಿಗಳೇ ಗತಿಯಾದವು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ನ್ಯೂನತೆಗಳ ಬಗೆಯನ್ನು 7ರಿಂದ 21ಕ್ಕೆ ಏರಿಸಿತ್ತು. ಹಳೆಯ ಗಣತಿಯಲ್ಲಿ ಅವುಗಳಲ್ಲಿ ಎಷ್ಟೋ ಇರಲೇ ಇಲ್ಲ.

ರಾಜ್ಯದಲ್ಲಿ ಅಂಗವಿಕಲರ ಕಲ್ಯಾಣಕ್ಕೆ ಪ್ರತ್ಯೇಕ ನಿರ್ದೇಶನಾಲಯ ಬಂದದ್ದು 1988ರಲ್ಲಿ. ಹಳ್ಳಿಯ ಮಟ್ಟಕ್ಕೆ ಅದು ಇಳಿದದ್ದು ಗ್ರಾಮೀಣ ಪುನರ್ವಸತಿ ಯೋಜನೆಯ ಮೂಲಕ. ಪ್ರತಿ ಗ್ರಾಮ ಪಂಚಾಯಿತಿಗೆ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ತಾಲ್ಲೂಕಿಗೆ ಒಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ. ಜನರ ಬಾಯಲ್ಲಿ ವಿ.ಆರ್.ಡಬ್ಲ್ಯೂ ಮತ್ತು ಎಂ.ಆರ್.ಡಬ್ಲ್ಯೂ. ಈ ಯೋಜನೆಯ ಜೀವಾಳವೆಂದರೆ, ಕಾರ್ಯಕರ್ತರು ಸ್ವತಃ ವಿಕಲಚೇತನರಾಗಿರುವುದು. ಮನೆಮನೆ ಸಮೀಕ್ಷೆ, ವೈದ್ಯಕೀಯ ಪ್ರಮಾಣಪತ್ರಕ್ಕೆ ಜನರನ್ನು ಕರೆದೊಯ್ಯುವುದು, ಮಾಸಾಶನದ ಅರ್ಜಿ, ಬಸ್ ಪಾಸು, ಯುಡಿಐಡಿ ಎಂಬ ವಿಶಿಷ್ಟ ಗುರುತಿನ ಕಾರ್ಡು, ಪಂಚಾಯಿತಿ ಅನುದಾನದಲ್ಲಿ ವಿಕಲಚೇತನರಿಗೆ ಮೀಸಲಾದ ಶೇ 5ರ ಬಳಕೆ, ಎಲ್ಲಕ್ಕೂ ಇವರೇ ಕೊಂಡಿ. ಇವರಿಗೆ ಸಿಗುವುದು ಸಂಬಳವಲ್ಲ, ಗೌರವಧನ.

2020ರ ಮಾರ್ಚ್ 25ರಂದು ಲಾಕ್‌ಡೌನ್ ಆರಂಭವಾಯಿತು. ಬಸ್ಸುಗಳು ನಿಂತದ್ದೇ ದುಮ್ಮವಾಡದಂಥ ಊರಿನ ವಿಕಲಚೇತನರಿಗೆ ಬಿದ್ದ ಮೊದಲ ಪೆಟ್ಟು. ಇದು ಅರೆಮಲೆನಾಡಿನ ಸೀಮೆ. ಭತ್ತ, ಗೋವಿನಜೋಳ, ಸೋಯಾ ಬೆಳೆಯುವ ಹೊಲಗಳು, ಹುಬ್ಬಳ್ಳಿಗೆ ನೀರು ಕೊಟ್ಟ ನೀರಸಾಗರದ ಆಸುಪಾಸು. ತಾಲ್ಲೂಕು ಆಸ್ಪತ್ರೆ ಇರುವುದು ಕಲಘಟಗಿಯಲ್ಲಿ. ದೊಡ್ಡ ಚಿಕಿತ್ಸೆಗೆ ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಗೆ, ಮಾನಸಿಕ ಕಾಯಿಲೆಗೆ ಮತ್ತು ಮೂರ್ಛೆರೋಗಕ್ಕೆ ಧಾರವಾಡದ ಡಿಮ್ಹಾನ್ಸ್‌ಗೆ ಹೋಗಬೇಕಿತ್ತು. ಕಿಮ್ಸ್ ಕೋವಿಡ್ ಚಿಕಿತ್ಸೆಯ ಕೇಂದ್ರವಾಯಿತು. ತಿಂಗಳಿಗೊಮ್ಮೆ ಗುಳಿಗೆ ತರಲು ಹೋಗುತ್ತಿದ್ದವರಿಗೆ ಪಾಸಿನ ಬಸ್ಸೂ ಇಲ್ಲ, ಬಾಡಿಗೆಯ ಟಂಟಂ ಕೂಡ ಇಲ್ಲ. ಮೂರ್ಛೆರೋಗದ ಗುಳಿಗೆ ನಾಲ್ಕು ದಿನ ತಪ್ಪಿದರೆ ಏನಾಗುತ್ತದೆಂಬುದು ಅಂಥ ಮಕ್ಕಳ ತಾಯಂದಿರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಶಾ ಕಾರ್ಯಕರ್ತೆಯರು ಮತ್ತು ವಿ.ಆರ್.ಡಬ್ಲ್ಯೂಗಳು ಚೀಟಿ ಸಂಗ್ರಹಿಸಿ ಔಷಧ ತಂದುಕೊಡುವ ಕ್ರಮ ರಾಜ್ಯದ ಎಷ್ಟೋ ಪಂಚಾಯಿತಿಗಳಲ್ಲಿ ಬೆಳೆದದ್ದು ಈ ಒತ್ತಡದಿಂದ. ಸ್ವತಃ ಊರುಗೋಲು ಹಿಡಿದು ಅಥವಾ ತ್ರಿಚಕ್ರ ವಾಹನದಲ್ಲಿ ಓಡಾಡುವವರು, ಕೈಕಾಲು ಗಟ್ಟಿ ಇದ್ದವರೆಲ್ಲ ಮನೆಯೊಳಗಿದ್ದ ಹೊತ್ತಿನಲ್ಲಿ, ಇನ್ನೊಬ್ಬರಿಗಾಗಿ ಹೊರಗೆ ತಿರುಗಿದರು. ಸಾಂಕ್ರಾಮಿಕದ ಇತಿಹಾಸ ಬರೆಯುವವರು ಇದನ್ನು ಅಡಿಟಿಪ್ಪಣಿಗೆ ತಳ್ಳಬಾರದು.

ಕೇಂದ್ರದ ವಿಕಲಚೇತನರ ಸಬಲೀಕರಣ ಇಲಾಖೆ ಮಾರ್ಚ್ 26ರಂದೇ ಮಾರ್ಗಸೂಚಿ ಹೊರಡಿಸಿತ್ತು. ಆರೈಕೆ ಮಾಡುವವರಿಗೆ ಓಡಾಟದ ಪಾಸು, ಮನೆಬಾಗಿಲಿಗೆ ಆಹಾರ ಮತ್ತು ಔಷಧ, ಕಾಣದವರಿಗೂ ಕೇಳದವರಿಗೂ ತಿಳಿಯುವಂಥ ಮಾಹಿತಿ, ಇವೆಲ್ಲ ಅದರಲ್ಲಿದ್ದವು. ವಿಪತ್ತಿನ ಕಾಲದಲ್ಲಿ ವಿಕಲಚೇತನರಿಗೆ ಸಮಾನ ರಕ್ಷಣೆ ಕೊಡಬೇಕೆಂದು 2016ರ ಕಾಯ್ದೆಯ 8ನೇ ಕಲಂ ಹೇಳುತ್ತದೆ. ಮಾರ್ಗಸೂಚಿ ಅದರದೇ ಮುಂದುವರಿಕೆ. ಮಾಸ್ಕು ಕಡ್ಡಾಯವಾದಾಗ ತುಟಿಯ ಚಲನೆ ನೋಡಿ ಮಾತು ಗ್ರಹಿಸುವ ಕಿವುಡರಿಗೆ ಮಾತೇ ಮರೆಯಾಯಿತು. ಮುಟ್ಟಿ ಅರಿಯುವ ಅಂಧರಿಗೆ ಮುಟ್ಟಬೇಡಿ ಎಂಬ ಆಜ್ಞೆಯೂ ಅಷ್ಟೇ ಕಠಿಣವಾಗಿತ್ತು.

ಹಣದ ವಿಷಯದಲ್ಲಿ ಪರ್ಸೆಂಟೇಜೇ ಎಲ್ಲವನ್ನೂ ನಿರ್ಧರಿಸಿತು. ಹಳ್ಳಿಯವರು ಪಗಾರ ಎಂದು ಕರೆಯುವ ಮಾಸಾಶನ ಆಗ ಶೇ 40ರಿಂದ 75ರವರೆಗಿನ ನ್ಯೂನತೆಗೆ ತಿಂಗಳಿಗೆ 600 ರೂಪಾಯಿ, ಶೇ 75ಕ್ಕಿಂತ ಹೆಚ್ಚಿನದಕ್ಕೆ 1,400 ರೂಪಾಯಿ. ಲಾಕ್‌ಡೌನ್ ಹೊತ್ತಿಗೆ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಎರಡು ತಿಂಗಳ ಮಾಸಾಶನವನ್ನು ಮುಂಗಡವಾಗಿ ಕೊಡುವುದಾಗಿ ಘೋಷಿಸಿದರು. ಅದು ಹೆಚ್ಚುವರಿ ಹಣವಲ್ಲ, ಬರಬೇಕಾದದ್ದೇ ಬೇಗ ಬಂದದ್ದು. ಕೇಂದ್ರದ ಗರೀಬ್ ಕಲ್ಯಾಣ್ ಪ್ಯಾಕೇಜಿನಲ್ಲಿ ವಿಕಲಚೇತನರಿಗೆ ಎರಡು ಕಂತುಗಳಲ್ಲಿ 1,000 ರೂಪಾಯಿ ಇತ್ತು. ಆದರೆ ಅದು ರಾಷ್ಟ್ರೀಯ ಅಂಗವಿಕಲರ ಪಿಂಚಣಿ ಯೋಜನೆಯ ಫಲಾನುಭವಿಗಳಿಗೆ ಮಾತ್ರ, ಮತ್ತು ಆ ಯೋಜನೆ ಕೇಳುವುದು ಬಡತನ ರೇಖೆಯ ಕಾರ್ಡಿನ ಜೊತೆಗೆ ಶೇ 80ರ ನ್ಯೂನತೆ. ಪೋಲಿಯೋದಿಂದ ಒಂದು ಕಾಲು ಸೊರಗಿ, ಕುಳಿತು ಹೊಲಿಗೆಯನ್ನೋ ಪಾನಂಗಡಿಯನ್ನೋ ನಂಬಿದ್ದವರು ಬಹುಪಾಲು ಆ ಗೆರೆಯ ಕೆಳಗಿದ್ದರು. ಅಂಗಡಿ ಮುಚ್ಚಿದಾಗ ಅವರ ಕೈಗೆ ಬಂದದ್ದು ದಿನಕ್ಕೆ 20 ರೂಪಾಯಿಯ ಮಾಸಾಶನ ಮಾತ್ರ.

ಅಕ್ಕಿಯ ವಿಷಯದಲ್ಲಿ ಸ್ಥಿತಿ ಇಷ್ಟು ಕೆಟ್ಟದಾಗಿರಲಿಲ್ಲ. ಕಾರ್ಡು ಇದ್ದವರಿಗೆ ರಾಜ್ಯದ ಪಡಿತರದ ಮೇಲೆ ಕೇಂದ್ರದ ತಲಾ 5 ಕಿಲೋ ಧಾನ್ಯ 2020ರ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಸಿಕ್ಕಿತು. ಪಡಿತರದಿಂದ ಹೊರಗುಳಿದ ಅರ್ಹ ವಿಕಲಚೇತನರನ್ನು ಆಹಾರ ಭದ್ರತಾ ಕಾಯ್ದೆಯೊಳಗೆ ಸೇರಿಸಿಕೊಳ್ಳಬೇಕೆಂದು ಕೇಂದ್ರ ರಾಜ್ಯಗಳಿಗೆ ಬರೆದದ್ದು ಆಗಸ್ಟ್‌ನಲ್ಲಿ, ಲಾಕ್‌ಡೌನಿನ ಅತಿ ಕಷ್ಟದ ತಿಂಗಳುಗಳು ಮುಗಿದ ಮೇಲೆ. ಬೆಂಗಳೂರಿನ ಅಂಗವಿಕಲರ ಸಂಸ್ಥೆಯಾದ ಎಪಿಡಿ ಮತ್ತು ಬೆಳಗಾವಿ ಜಿಲ್ಲೆಯವರಾದ ಮಹಾಂತೇಶ ಕಿವಡಸಣ್ಣವರ 1997ರಲ್ಲಿ ಕಟ್ಟಿದ ಸಮರ್ಥನಂ ಟ್ರಸ್ಟ್ ದಿನಸಿ ಕಿಟ್ ಹಂಚಿದವು. ಇಂಥ ಕಿಟ್ ಯಾರ ಮನೆಗೆ ಮೊದಲು ಹೋಗಬೇಕೆಂದು ಹೇಳಬಲ್ಲವರು ಊರು ಬಲ್ಲ ಕಾರ್ಯಕರ್ತರೇ.

ದುಡಿಮೆಯ ಮಟ್ಟಿಗೆ ಉದ್ಯೋಗ ಖಾತ್ರಿ ದೊಡ್ಡ ಆಸರೆಯಾಯಿತು. 2020ರ ಏಪ್ರಿಲ್‌ನಿಂದ ಕರ್ನಾಟಕದ ಕೂಲಿ ದಿನಕ್ಕೆ 275 ರೂಪಾಯಿ. ವಿಕಲಚೇತನರು ನಿಗದಿತ ಕೆಲಸದ ಅರ್ಧ ಮಾಡಿದರೂ ಪೂರ್ತಿ ಕೂಲಿ ಪಡೆಯಬಹುದೆಂಬ ರಿಯಾಯಿತಿ ಆಗ ರಾಜ್ಯದಲ್ಲಿತ್ತು. ಆದರೆ ಅದೇ ವರ್ಷ ಈ ಕೆಲಸ ಕೊಡುವ ಗ್ರಾಮ ಪಂಚಾಯಿತಿಗಳ ಅವಧಿ ಮುಗಿದು, ಡಿಸೆಂಬರ್‌ನ ಚುನಾವಣೆಯವರೆಗೆ ಅವು ಆಡಳಿತಾಧಿಕಾರಿಗಳ ಕೈಗೆ ಹೋದವು. ಓಣಿಯ ಮೆಂಬರನ್ನು ಹಿಡಿದು ಕೇಳುವ ದಾರಿ ತಿಂಗಳುಗಟ್ಟಲೆ ಮುಚ್ಚಿತ್ತು.

ಮಕ್ಕಳ ನಷ್ಟ ಎಲ್ಲಕ್ಕಿಂತ ಆಳವಾದದ್ದು. ಶಾಲೆಗೆ ಬರಲಾಗದ ಮಕ್ಕಳಿಗೆ ಸಮಗ್ರ ಶಿಕ್ಷಣದಡಿ ಗೃಹಾಧಾರಿತ ಶಿಕ್ಷಣವಿದೆ. ಸಂಪನ್ಮೂಲ ಶಿಕ್ಷಕರು ಮನೆಗೆ ಬಂದು ಕಲಿಸುತ್ತಾರೆ. ಆ ಭೇಟಿಗಳು ತಪ್ಪಿದವು. ದೂರದರ್ಶನ ಚಂದನದಲ್ಲಿ 2020ರ ಜುಲೈಯಿಂದ ಬಂದ ಸಂವೇದ ಪಾಠಗಳು ಮತ್ತು ಆಗಸ್ಟ್‌ನಲ್ಲಿ ಆರಂಭವಾದ ವಿದ್ಯಾಗಮ ಕಾರ್ಯಕ್ರಮ ಉಳಿದ ಮಕ್ಕಳಿಗೆ ಒಂದಿಷ್ಟು ನೆರವಾದರೂ, ಬುದ್ಧಿಮಾಂದ್ಯ ಅಥವಾ ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ಟಿವಿ ಪಾಠದಿಂದ ಆಗುವುದೇನೂ ಇಲ್ಲ. ವ್ಯಾಯಾಮ ನಿಂತರೆ ಬಿಗಿದುಕೊಂಡ ಸ್ನಾಯುಗಳನ್ನು ಸಡಿಲಿಸಲು ಮತ್ತೆ ವರ್ಷಗಳೇ ಬೇಕು. ಶಿಕ್ಷಕಿಯ ಕೆಲಸ, ಫಿಸಿಯೋಥೆರಪಿಯ ಕೆಲಸ ಎರಡೂ ತಾಯಿಯ ಕೈಗೆ ಬಂದವು, ಹೊಲದ ಕೂಲಿ ಅವಳಿಗೆ ತಪ್ಪಿತು.

2021ರ ಎರಡನೆಯ ಅಲೆ ಹಳ್ಳಿಗಳನ್ನು ನೇರವಾಗಿ ಹೊಕ್ಕಿತು. ಮೇ ತಿಂಗಳಲ್ಲಿ ಸರ್ಕಾರ ‘ವೈದ್ಯರ ನಡೆ, ಹಳ್ಳಿ ಕಡೆ’ ಕಾರ್ಯಕ್ರಮ ಆರಂಭಿಸಿತು. ಅದರ ಜೊತೆಗೇ ಹಳ್ಳಿಗಳಲ್ಲಿ ಮನೆ ಆರೈಕೆಗೆ ತಡೆ ಹಾಕಿ, ಸೋಂಕಿತರು ಕೋವಿಡ್ ಆರೈಕೆ ಕೇಂದ್ರಕ್ಕೆ ಹೋಗಬೇಕೆಂದಿತು. ಇಕ್ಕಟ್ಟಿನ ಮನೆಗಳಲ್ಲಿ ಸೋಂಕು ಹರಡದಿರಲು ಅದು ಬೇಕಿತ್ತು. ಆದರೆ ಉಣಿಸಲು, ಎತ್ತಲು, ಶೌಚಕ್ಕೆ ಕರೆದೊಯ್ಯಲು ಇನ್ನೊಬ್ಬರ ಕೈ ಬೇಕಾದವರಿಗೆ ಇದು ಎರಡು ಕಡೆಯ ಸಂಕಟ: ಅವರಿಗೆ ಸೋಂಕು ತಗಲಿದರೆ ಜೊತೆಗೆ ಹೋಗುವವರಾರು, ಆರೈಕೆ ಮಾಡುವವಳಿಗೇ ತಗಲಿದರೆ ಮನೆಯಲ್ಲಿ ನೋಡುವವರಾರು? ಮೇ 19ರ 1,250 ಕೋಟಿ ರೂಪಾಯಿಯ ಪರಿಹಾರ ಪ್ಯಾಕೇಜು ಆಟೊ ಚಾಲಕರು, ಕ್ಷೌರಿಕರು, ಮಡಿವಾಳರು, ದರ್ಜಿಗಳು, ಕಲಾವಿದರು ಎಂದು ಹೆಚ್ಚಾಗಿ ಕಸುಬಿನ ಲೆಕ್ಕದಲ್ಲಿ ಹಂಚಿಕೆಯಾಯಿತು. ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವುದನ್ನು ಯಾರೂ ಕಸುಬೆಂದು ಬರೆದುಕೊಂಡಿರಲಿಲ್ಲ.

ಆರೈಕೆದಾರರು ಸರ್ಕಾರಿ ಪಟ್ಟಿಗೆ ಸೇರಿದ್ದು ಲಸಿಕೆಯ ವಿಷಯದಲ್ಲಿ. 2021ರ ಮಾರ್ಚ್ 1ರಿಂದ 45 ದಾಟಿ ನಿಗದಿತ ಕಾಯಿಲೆಗಳಿದ್ದವರಿಗೆ ಲಸಿಕೆ ಕೊಡುವಾಗ ಹೆಚ್ಚಿನ ಆಸರೆ ಬೇಕಾದ ವಿಕಲಚೇತನರನ್ನೂ ಸೇರಿಸಿದ್ದರು. ಮೇ ತಿಂಗಳಲ್ಲಿ ಕರ್ನಾಟಕ 18ರಿಂದ 44ರ ವಯಸ್ಸಿನವರ ಆದ್ಯತಾ ಪಟ್ಟಿ ಮಾಡಿದಾಗ ವಿಕಲಚೇತನರ ಜೊತೆಗೆ ಒಬ್ಬ ಆರೈಕೆದಾರರನ್ನೂ ಅದರಲ್ಲಿ ನಮೂದಿಸಿತು. ಅದೇ ತಿಂಗಳ 27ರಂದು ಮನೆಗೆ ಹತ್ತಿರದ ಲಸಿಕಾ ಕೇಂದ್ರಗಳಿಗೆ ಕೇಂದ್ರ ಸರ್ಕಾರ ಮಾರ್ಗಸೂಚಿ ಕೊಟ್ಟಿತು. ಶಾಲೆ, ಪಂಚಾಯಿತಿ ಕಟ್ಟಡಗಳಲ್ಲೇ ಲಸಿಕೆ ಹಾಕಬಹುದಾಯಿತು. ಎದ್ದು ಬರಲಾಗದವರಿಗೆ ಮನೆಯಲ್ಲೇ ಲಸಿಕೆ ಎಂಬ ಕೇಂದ್ರದ ಆದೇಶ ಬಂದದ್ದು ಸೆಪ್ಟೆಂಬರ್‌ನಲ್ಲಿ. ಸೂಜಿಗೆ ಹೆದರಿ ಹಿಂಜರಿದವರನ್ನು ಒಪ್ಪಿಸುವಲ್ಲಿ ವಿ.ಆರ್.ಡಬ್ಲ್ಯೂಗಳ ಮಾತಿಗೆ ಬೆಲೆಯಿತ್ತು. ತಮ್ಮಂತೆಯೇ ಇರುವವರು ಮೊದಲು ಹಾಕಿಸಿಕೊಂಡು ಬಂದು ಹೇಳಿದ ಮಾತು ಅದು.

2021ರ ಜುಲೈ 28ರಂದು ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದ ದಿನವೇ ಬಸವರಾಜ ಬೊಮ್ಮಾಯಿ 600 ರೂಪಾಯಿಯ ಮಾಸಾಶನವನ್ನು 800ಕ್ಕೆ ಏರಿಸುವುದಾಗಿ ಘೋಷಿಸಿದರು. ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆ ಕೊಡಬೇಕೆಂದು 2016ರ ಕಾಯ್ದೆಯ 24ನೇ ಕಲಂನಲ್ಲೇ ಇತ್ತು. ಕರ್ನಾಟಕದ ಬಜೆಟ್‌ನಲ್ಲಿ ಅದಕ್ಕೆ ಜಾಗ ಸಿಕ್ಕಿದ್ದು 2024ರಲ್ಲಿ, ತಿಂಗಳಿಗೆ 1,000 ರೂಪಾಯಿಯಂತೆ. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರಫಿ, ಪಾರ್ಕಿನ್ಸನ್ಸ್ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ. ಬುದ್ಧಿಮಾಂದ್ಯತೆ, ತೀವ್ರ ಮಾನಸಿಕ ಕಾಯಿಲೆ, ಬೆನ್ನುಹುರಿಯ ಪೆಟ್ಟು ಆ ಘೋಷಣೆಯಲ್ಲಿ ಇರಲಿಲ್ಲ.