ಅರಗಿನ ತಟ್ಟೆ ಮತ್ತು ಸ್ವರಲಿಪಿ: ಮಡಕಶಿರದಿಂದ ಮೈಸೂರಿನವರೆಗೆ

ಆಂಧ್ರಪ್ರದೇಶದ ಭೂಪಟದಲ್ಲಿ ಮಡಕಶಿರವು ಕರ್ನಾಟಕದೊಳಕ್ಕೆ ಚಾಚಿಕೊಂಡಿರುವ ನೆಲ; ಶಿರಾ, ಮಧುಗಿರಿ, ಪಾವಗಡಗಳು ಅದರ ಬಹುಪಾಲು ಎಲ್ಲೆಯನ್ನು ಸುತ್ತುವರಿದಿವೆ. ಬಳ್ಳಾರಿ ಜಿಲ್ಲೆಯನ್ನು ಒಡೆದು 1882ರಲ್ಲಿ ಅನಂತಪುರ ಜಿಲ್ಲೆಯನ್ನು ರಚಿಸಲಾಯಿತು. ಬಳ್ಳಾರಿಯಲ್ಲೇ ಉಳಿದಿದ್ದ ರಾಯದುರ್ಗವು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಅತ್ತ ಸೇರಿತು. ಆಡಳಿತದ ಗೆರೆಗಳು ಹೀಗೆ ಸರಿದಾಡುತ್ತಿದ್ದರೂ ಕನ್ನಡ ಮತ್ತು ತೆಲುಗು ಎರಡನ್ನೂ ಆಡುವ ಈ ಸೀಮೆಯ ವಿದ್ವತ್ತು, ಸಂಗೀತಗಳ ದಾರಿ ಬಹುಕಾಲ ಮೈಸೂರಿನತ್ತಲೇ ಇತ್ತು. ಈ ನಾಡಿನಲ್ಲಿ ಶಾಸ್ತ್ರೀಯ ಸಂಗೀತವನ್ನು ಹಿಡಿದಿಡುವ ಎರಡು ಬಗೆಗಳು, ಅಂದರೆ ಧ್ವನಿಯನ್ನು ತಟ್ಟೆಯಲ್ಲಿ ಮುದ್ರಿಸುವುದು ಮತ್ತು ಹಾಡನ್ನು ಸ್ವರಲಿಪಿಯಲ್ಲಿ ಬರೆಯುವುದು, ಇಪ್ಪತ್ತನೆಯ ಶತಮಾನದಲ್ಲಿ ಹೇಗೆ ಅಕ್ಕಪಕ್ಕದಲ್ಲೇ ನಡೆದವೆಂಬುದನ್ನು ನೋಡಲು ಈ ದಾರಿಯೇ ಅನುಕೂಲವಾದುದು.

ಗ್ರಾಮಾಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ನಡೆಸಿದ ಮುದ್ರಣಗಳಿಂದ ಭಾರತದಲ್ಲಿ ಈ ಉದ್ಯಮ ಬೇರೂರಿತು. ಆ ಮುದ್ರಣಗಳಿಂದ ಹೆಸರಾದ ಗೌಹರ್ ಜಾನ್ ಹಾಡಿನ ಕೊನೆಯಲ್ಲಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದಳು. ತಟ್ಟೆಗಳನ್ನು ಅಚ್ಚು ಹಾಕುತ್ತಿದ್ದ ಜರ್ಮನಿಯ ಹಾನೋವರ್ ಕಾರ್ಖಾನೆಯವರಿಗೆ ಯಾವುದು ಯಾರ ಹಾಡೆಂದು ತಿಳಿಯಲಿ ಎಂಬುದು ಅದರ ಉದ್ದೇಶವಾಗಿತ್ತು. ತಟ್ಟೆಯ ಮುಖ್ಯ ಸಾಮಗ್ರಿಯಾದ ಅರಗು ಭಾರತದಿಂದಲೇ ಹೊರದೇಶಗಳಿಗೆ ಹೋಗುತ್ತಿದ್ದರೂ ಸಿದ್ಧ ತಟ್ಟೆ ಮಾತ್ರ ಹಡಗಿನಲ್ಲಿ ಬರಬೇಕಾಗಿತ್ತು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ತೆರೆದ ಮೇಲೆ ಆ ಸುತ್ತು ತಪ್ಪಿತು. ಮುಪ್ಪಿನ ದಿನಗಳಲ್ಲಿ ಗೌಹರ್ ಜಾನ್ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ 1928ರಲ್ಲಿ ಸೇರಿ, 1930ರ ಜನವರಿ 17ರಂದು ಮೈಸೂರಿನಲ್ಲಿಯೇ ತೀರಿಕೊಂಡಳು.

ಜನರು ಪ್ಲೇಟು ಎಂದು ಕರೆದ ಈ ತಟ್ಟೆ ನಿಮಿಷಕ್ಕೆ ಸುಮಾರು 78 ಸುತ್ತು ತಿರುಗುತ್ತಿತ್ತು; ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಮೂರು ನಿಮಿಷದ ಆಸುಪಾಸಿನ ಹಾಡು ಮಾತ್ರ. ಪೆಟ್ಟಿಗೆಗೆ ಕೀ ಕೊಟ್ಟು, ಉಕ್ಕಿನ ಮುಳ್ಳನ್ನು ಆಗಾಗ ಬದಲಿಸಿ ಕೇಳಬೇಕಾಗಿದ್ದ ಈ ಸಾಧನದ ಮಿತಿ ಕರ್ನಾಟಕ ಸಂಗೀತವನ್ನು ಕಾಡಿದಷ್ಟು ನಾಟಕದ ಹಾಡನ್ನು ಕಾಡಲಿಲ್ಲ. ಏಕೆಂದರೆ ಗಂಟೆಗಟ್ಟಲೆ ಬೆಳೆಯುವ ಕಚೇರಿಯಲ್ಲಿ ರಾಗಾಲಾಪನೆ, ಸಾಹಿತ್ಯದ ಒಂದೇ ಸಾಲನ್ನು ಬಗೆಬಗೆಯಾಗಿ ವಿಸ್ತರಿಸುವ ನೆರವಲು, ಕಲ್ಪನಾಸ್ವರ ಮುಂತಾದ ಮನೋಧರ್ಮದ ಅಂಗಗಳೇ ವಿದ್ವಾಂಸನ ಅಳತೆಗೋಲು. ತಟ್ಟೆಯಲ್ಲಿ ಇವೆಲ್ಲ ಮೊಟಕಾಗಿ, ಕೀರ್ತನೆ ಅಥವಾ ದೇವರನಾಮವೊಂದೇ ಮುಂದೆ ನಿಂತಿತು. ಪುರಂದರದಾಸರ ‘ಜಗದೋದ್ಧಾರನ’ ಮನೆಮಾತಾದುದರಲ್ಲಿ ಬಿ. ಎಸ್. ರಾಜಯ್ಯಂಗಾರ್ಯರ ತಟ್ಟೆಯ ಪಾತ್ರ ದೊಡ್ಡದು. ಹಿಂದೂಸ್ತಾನಿ ಪದ್ಧತಿಯಲ್ಲಿಯೂ ಹೀಗೆಯೇ ಆಯಿತು: 1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ ‘ಗಾಂಧಾರಿ’ ಎಂಬ ಹೆಸರಿನಲ್ಲಿ ನೀಡಿದ ತಟ್ಟೆಗಳಲ್ಲಿ ರಾಗದ ಗುರುತು ಸಿಗುತ್ತದೆಯೇ ಹೊರತು ಅದರ ಪೂರ್ತಿ ಬೆಳವಣಿಗೆ ಸಿಗುವುದಿಲ್ಲ. ಹಳೆಯ ತಟ್ಟೆಗಳನ್ನು ಕೇಳಿ ಹಿಂದಿನವರ ಹಾಡಿಕೆಯನ್ನು ಅಳೆಯುವವರು ಈ ಕೊರತೆಯನ್ನು ನೆನಪಿನಲ್ಲಿಡುವುದು ಅವಶ್ಯ. ಅವರು ಕೇಳುತ್ತಿರುವುದು ಕಚೇರಿಯನ್ನಲ್ಲ, ಕಂಪನಿಯ ಅಳತೆಗೆ ಕತ್ತರಿಸಿದ ಮಾದರಿಯನ್ನು.

ಕನ್ನಡ ನಾಡಿನಲ್ಲಿ ತಟ್ಟೆ ಸಂಗ್ರಹದ ಅತಿ ದೊಡ್ಡ ನಿದರ್ಶನ ಮೈಸೂರಿನ ಮಹಾರಾಜ ಜಯಚಾಮರಾಜೇಂದ್ರ ಒಡೆಯರದು. ಪಿಯಾನೊ ಕಲಿತಿದ್ದ ಅವರ ಸಂಗ್ರಹದಲ್ಲಿ ಸುಮಾರು 20,000 ತಟ್ಟೆಗಳಿದ್ದುವೆಂಬ ಅಂದಾಜಿದೆ. ಅದರ ಒಲವು ಮುಖ್ಯವಾಗಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕಡೆಗಿತ್ತು. ಲಂಡನ್ನಿನಲ್ಲಿ ಅನಾರೋಗ್ಯದಿಂದ ಬಳಲುತ್ತಿದ್ದ ರಷ್ಯದ ರಚನಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ಅವರಿಂದಲೇ ನುಡಿಸಿ ಮುದ್ರಿಸಲೆಂದು ಮಹಾರಾಜರು ಮೆಟ್ನರ್ ಸೊಸೈಟಿಯನ್ನು ಸ್ಥಾಪಿಸಿ ಹಣ ಒದಗಿಸಿದರು. ಅದರ ಫಲವಾಗಿ ಎಚ್‌ಎಂವಿ ಮೂರು ಸಂಪುಟಗಳಷ್ಟು ತಟ್ಟೆಗಳನ್ನು ಹೊರತಂದಿತು, ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಮಹಾರಾಜರಿಗೆ ಅರ್ಪಿಸಿದರು. ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದದ ಕಚೇರಿಗಳನ್ನು ನಡೆಸುತ್ತಿದ್ದ ಸಂಘಕ್ಕೆ ಮಹಾರಾಜರೇ ಮೊದಲ ಅಧ್ಯಕ್ಷರು. ಜರ್ಮನಿಯ ರಿಚರ್ಡ್ ಸ್ಟ್ರಾಸ್ ಬರೆದ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿ ಪ್ರಯೋಗಗೊಂಡಾಗ, ಕಿರ್‌ಸ್ಟೆನ್ ಫ್ಲಾಗ್‌ಸ್ಟಾಡ್ ಹಾಡಿ ಫುರ್ಟ್‌ವೆಂಗ್ಲರ್ ನಿರ್ದೇಶಿಸಿದ ಆ ಕಾರ್ಯಕ್ರಮಕ್ಕೆ 4,800 ಡಾಲರುಗಳ ಖಾತರಿ ನೀಡಿದವರೂ ಅವರೇ. ಅದನ್ನು ಮುದ್ರಿಸಿ ಮೈಸೂರಿನ ಸಂಗ್ರಹಕ್ಕೆ ಕಳುಹಿಸುವ ಏರ್ಪಾಡು ಇದರೊಂದಿಗೆ ಸೇರಿತ್ತು.

ಇದರಲ್ಲಿ ಒಂದು ವ್ಯಂಗ್ಯವಿದೆ. ದೂರದ ಲಂಡನ್ನಿನ ಸಂಜೆಯೊಂದನ್ನು ತರಿಸಿಕೊಳ್ಳಬಲ್ಲ ಅರಮನೆಯ ಹಿಂದಿನ ತಲೆಮಾರಿನ ನಾದವನ್ನು, ಅಂದರೆ 1926ರಲ್ಲಿ ಗತಿಸಿದ ವೀಣೆ ಶೇಷಣ್ಣ ಮತ್ತು 1931ರಲ್ಲಿ ಗತಿಸಿದ ಬಿಡಾರಂ ಕೃಷ್ಣಪ್ಪ ಅವರ ಕಚೇರಿಯ ಪೂರ್ಣರೂಪವನ್ನು, ಅಂದಿನ ಯಂತ್ರ ಹಿಡಿಯುವಂತಿರಲಿಲ್ಲ. ಇದಕ್ಕೆ ಮಹಾರಾಜರನ್ನು ದೂರುವುದು ನ್ಯಾಯವಲ್ಲ. ಸ್ವತಃ ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದವರು ಅವರು. ಆದರೆ ಸಂಗ್ರಹವೆಂಬುದು ಮಾರುಕಟ್ಟೆಯಲ್ಲಿ ಸಿಗುವುದನ್ನು ಕೂಡಿಡುವ ಕೆಲಸವಾದ್ದರಿಂದ, ಸಿಗದುದು ಬೇರೆ ದಾರಿಯಿಂದಲೇ ಉಳಿಯಬೇಕಾಯಿತು.

ಆ ಬೇರೆ ದಾರಿಯಲ್ಲಿ ನಡೆದವರು ರಾಯದುರ್ಗ ಮತ್ತು ಮಡಕಶಿರಗಳ ನಡುವಣ ಕಂಬದೂರು ಬಳಿಯ ರಾಳ್ಳಪಲ್ಲಿಯಲ್ಲಿ 1893ರಲ್ಲಿ ಹುಟ್ಟಿದ ಅನಂತಕೃಷ್ಣ ಶರ್ಮರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ತೆಲುಗು ಪಂಡಿತರಾಗಿದ್ದ ಅವರು ಬಿಡಾರಂ ಕೃಷ್ಣಪ್ಪನವರಲ್ಲಿ ಸಂಗೀತ ಕಲಿತು, ಆ ಪಾಠವನ್ನು ಕೇಳ್ಮೆಯಿಂದಲೇ ಮೈಗೂಡಿಸಿಕೊಂಡವರು. ಕನ್ನಡದಲ್ಲಿ ‘ಗಾನಕಲೆ’ ಬರೆದವರು. ಮುಂದೆ ತಿರುಪತಿಗೆ ಹೋಗಿ, ತಾಮ್ರಪಟಗಳಲ್ಲಿ ಸಾಹಿತ್ಯವೂ ರಾಗದ ಹೆಸರೂ ಉಳಿದು ಧಾಟಿ ಮರೆತುಹೋಗಿದ್ದ ಅನ್ನಮಾಚಾರ್ಯರ ಕೀರ್ತನೆಗಳಲ್ಲಿ ಹಲವಕ್ಕೆ ರಾಗ ಸಂಯೋಜಿಸಿ ಸ್ವರಲಿಪಿಯೊಂದಿಗೆ ಪ್ರಕಟಿಸಿದರು. ಸ್ವರಲಿಪಿಯೆಂದರೆ ಸಪ್ತಸ್ವರಗಳ ಅಕ್ಷರಗಳನ್ನು ತಾಳದ ಗುರುತುಗಳೊಡನೆ ಸಾಹಿತ್ಯದ ಮೇಲೆ ಹೊಂದಿಸಿ ಬರೆಯುವ ಕ್ರಮ. ಸ್ವರವನ್ನು ಓಲಾಡಿಸುವ ಗಮಕ ಅದರಲ್ಲಿ ಪೂರ್ತಿ ನಿಲ್ಲುವುದಿಲ್ಲ, ಗುರುವಿನ ಬಾಯಿಯೇ ಬೇಕು. ಮದರಾಸಿನ ಸಂಗೀತ ಅಕಾಡೆಮಿ 1974ರಲ್ಲಿ ಶರ್ಮರಿಗೆ ಸಂಗೀತ ಕಲಾನಿಧಿ ಬಿರುದನ್ನಿತ್ತಿತು. 1979ರಲ್ಲಿ ಅವರು ನಿಧನರಾದರು.

ತಟ್ಟೆ ಕೊಳ್ಳಲಾಗದವರಿಗೆ ದೀರ್ಘ ಕಚೇರಿಯನ್ನು ಮುಟ್ಟಿಸಿದ್ದು ರೇಡಿಯೊ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಆರಂಭಿಸಿದ ‘ಆಕಾಶವಾಣಿ’ಯ ಪ್ರೇಷಕ ಬರಿಯ 30 ವ್ಯಾಟಿನದಾಗಿದ್ದು, ದೂರದ ಊರುಗಳಿಗೆ ನಿಲುಕುವಂತಿರಲಿಲ್ಲ. ಕೇಂದ್ರವು 1955ರಲ್ಲಿ ಬೆಂಗಳೂರಿಗೆ ಬಂದುದು ಗಡಿಯ ಕೇಳುಗರ ಮಟ್ಟಿಗೆ ಮಹತ್ವದ್ದು. ಮಡಕಶಿರಕ್ಕೆ ಮದರಾಸು, ವಿಜಯವಾಡಗಳಿಗಿಂತ ಬೆಂಗಳೂರೇ ಹತ್ತಿರ. ಇದಕ್ಕೆ ಮೊದಲೇ, 1952ರ ಜುಲೈನಲ್ಲಿ ತೊಡಗಿದ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಮೂರು ನಿಮಿಷಗಳ ಕಟ್ಟನ್ನು ಬಿಡಿಸಿ ವಿಸ್ತಾರವಾದ ಗಾಯನವನ್ನು ದೇಶಕ್ಕೆ ಕೇಳಿಸಿತ್ತು. ಮುಂದೆ ಟೇಪು, ಆಮೇಲೆ ಕ್ಯಾಸೆಟ್ಟು ಅಗ್ಗವಾದಾಗ ರೇಡಿಯೊದಿಂದ ಕಚೇರಿಯನ್ನು ಹಿಡಿದಿಟ್ಟುಕೊಳ್ಳುವುದು ಸಾಮಾನ್ಯ ರಸಿಕನಿಗೂ ಸಾಧ್ಯವಾಯಿತು. ಶರ್ಮರು ಕಾಗದದ ಮೇಲೆ ಇಳಿಸಿದ್ದ ಅನ್ನಮಾಚಾರ್ಯರ ಕೀರ್ತನೆಗಳ ಧಾಟಿಗಳು ಕಚೇರಿಯ ವೇದಿಕೆಯಿಂದ ಕ್ಯಾಸೆಟ್ಟುಗಳಿಗೆ ಹತ್ತಿ, ಶರ್ಮರ ಹೆಸರು ಕೇಳರಿಯದವರ ಬಾಯಲ್ಲಿಯೂ ನೆಲೆಸಿದ್ದು ಈ ಹಂತದಲ್ಲಿ.