ಅಪ್ಪ-ಅವ್ವ ಗಿಡ್ಡ ಇದ್ದರೆ ಮಗುವೂ ಗಿಡ್ಡವೇ? ಎತ್ತರ ತೀರ್ಮಾನಿಸುವುದು ವಂಶ ಮಾತ್ರವಲ್ಲ

"ಅಪ್ಪ ಗಿಡ್ಡ, ಅವ್ವ ಗಿಡ್ಡ, ಮಗ ಎತ್ತರ ಆಗೋದು ಹೆಂಗ?" ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯ ಮನೆಗಳಲ್ಲಿ ಇಂಥ ಮಾತು ಹೊಸದಲ್ಲ. ಇನ್ನೊಂದೆಡೆ, ಈ ಪುಡಿಯನ್ನು ಹಾಲಿಗೆ ಹಾಕಿ ಕುಡಿಸಿದರೆ ಮಗು ಎತ್ತರ ಬೆಳೆಯುತ್ತದೆ ಎನ್ನುವ ಸಂದೇಶಗಳು ಮೊಬೈಲಿಗೆ ಬರುತ್ತಿರುತ್ತವೆ. ಒಂದು ಮಾತು ಎಲ್ಲವನ್ನೂ ವಂಶದ ಮೇಲೆ ಹಾಕುತ್ತದೆ, ಇನ್ನೊಂದು ಎಲ್ಲವನ್ನೂ ಒಂದು ಡಬ್ಬಿಯ ಮೇಲೆ ಹಾಕುತ್ತದೆ. ನಿಜ ಏನು ಎಂಬುದನ್ನು ನೋಡೋಣ.

ವಂಶದ ಪಾತ್ರ ಎಷ್ಟು?

ವಂಶವಾಹಿಗಳ ಪಾತ್ರ ಖಂಡಿತ ಇದೆ. ಆದರೆ ಅವು ಹೇಳುವುದು ಮಗು ಎಷ್ಟು ಬೆಳೆಯಬಹುದು ಎಂಬುದನ್ನು. ಅಷ್ಟು ಬೆಳೆಯುತ್ತದೋ ಇಲ್ಲವೋ ಎಂಬುದು ಊಟ, ನೀರು, ಕಾಯಿಲೆ ಮತ್ತು ಮನೆಯ ಪರಿಸ್ಥಿತಿಯ ಮೇಲೆ ನಿಂತಿದೆ.

ವಿಶ್ವ ಆರೋಗ್ಯ ಸಂಸ್ಥೆ 1997ರಿಂದ 2003ರವರೆಗೆ ಭಾರತ, ಬ್ರೆಜಿಲ್, ಘಾನಾ, ನಾರ್ವೆ, ಓಮನ್ ಮತ್ತು ಅಮೆರಿಕದ ಸುಮಾರು 8,500 ಮಕ್ಕಳನ್ನು ಅಳೆಯಿತು. ಎದೆಹಾಲು, ಒಳ್ಳೆಯ ಆಹಾರ ಮತ್ತು ಆರೋಗ್ಯ ಸೇವೆ ಸಿಕ್ಕ ಮಕ್ಕಳು ಯಾವ ದೇಶದವರಾದರೂ 5 ವರ್ಷದವರೆಗೆ ಹೆಚ್ಚುಕಡಿಮೆ ಒಂದೇ ರೀತಿ ಬೆಳೆದಿದ್ದರು. ಇಂದು ನಮ್ಮ ಅಂಗನವಾಡಿಗಳಲ್ಲಿ ಬಳಸುವ ಬೆಳವಣಿಗೆಯ ಅಳತೆ ಈ ಅಧ್ಯಯನದಿಂದಲೇ ಬಂದದ್ದು.

ಇನ್ನೊಂದು ಉದಾಹರಣೆ ದಕ್ಷಿಣ ಕೊರಿಯಾ. ಅಲ್ಲಿನ ಮಹಿಳೆಯರ ಸರಾಸರಿ ಎತ್ತರ ನೂರು ವರ್ಷಗಳಲ್ಲಿ ಸುಮಾರು 20 ಸೆಂ.ಮೀ. ಹೆಚ್ಚಿದೆ. ನೂರು ವರ್ಷದಲ್ಲಿ ವಂಶವಾಹಿ ಅಷ್ಟು ಬದಲಾಗುವುದಿಲ್ಲ, ಬದಲಾದದ್ದು ಬದುಕು.

ನಮ್ಮ ರಾಜ್ಯದ ಲೆಕ್ಕ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 5 ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಹೊಂದಿಲ್ಲ. ಅಂದರೆ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು. ಇಷ್ಟು ಮಕ್ಕಳ ಕುಂಠಿತ ಬೆಳವಣಿಗೆಯನ್ನು "ನಮ್ಮ ಮನೆತನವೇ ಹಂಗ" ಎಂದು ಬಿಟ್ಟುಬಿಡಲು ಬರುವುದಿಲ್ಲ. ಬೆಳವಣಿಗೆ ಕುಂಠಿತವಾದ ಮಕ್ಕಳಲ್ಲಿ ಕಾಯಿಲೆ ಹೆಚ್ಚು, ಕಲಿಕೆಯೂ ಹಿಂದೆ ಬೀಳುವ ಸಾಧ್ಯತೆ ಇರುತ್ತದೆ.

ಮೊದಲ ಸಾವಿರ ದಿನ

ಗರ್ಭ ಧರಿಸಿದ ದಿನದಿಂದ ಮಗುವಿಗೆ 2 ವರ್ಷ ತುಂಬುವವರೆಗಿನ ಅವಧಿ ಬಹಳ ಮುಖ್ಯ. ಹುಟ್ಟಿದಾಗ ಸುಮಾರು 50 ಸೆಂ.ಮೀ. ಇರುವ ಮಗು ಮೊದಲ ವರ್ಷದಲ್ಲೇ ಸುಮಾರು 25 ಸೆಂ.ಮೀ. ಬೆಳೆಯುತ್ತದೆ. ಮುಂದೆ ಈ ವೇಗ ಇರುವುದಿಲ್ಲ. ತಾಯಿ ಇನ್ನೂ ಹದಿಹರೆಯದವಳಾಗಿದ್ದರೆ ಅಥವಾ ಆಕೆಗೆ ರಕ್ತಹೀನತೆ ಇದ್ದರೆ ಮಗು ಎರಡೂವರೆ ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟುವ ಅಪಾಯ ಹೆಚ್ಚು. ಹಾಗಾಗಿ ಬಾಲ್ಯವಿವಾಹ ತಡೆಯುವುದೂ ಮಕ್ಕಳ ಎತ್ತರದ ಪ್ರಶ್ನೆಯೇ.

ನೀರು, ಶೌಚ, ಅಂಗಳ

ಮಗುವಿಗೆ ಪದೇ ಪದೇ ಭೇದಿಯಾದರೆ ತಿಂದದ್ದು ಮೈಗೆ ಹತ್ತುವುದಿಲ್ಲ. ಕೊಳಕು ನೆಲದಲ್ಲಿ ಆಡಿ ಬೆರಳು ಬಾಯಿಗಿಡುವ ಮಗುವಿನ ಕರುಳು, ಭೇದಿ ಕಾಣಿಸದಿದ್ದರೂ ಒಳಗೊಳಗೇ ಹಾಳಾಗಬಹುದು. ಹಾಗೆಂದು ಶೌಚಾಲಯ ಒಂದೇ ಸಾಲದು. ಬಾಂಗ್ಲಾದೇಶ, ಕೀನ್ಯಾ ಮತ್ತು ಜಿಂಬಾಬ್ವೆಯಲ್ಲಿ ನಡೆದ ದೊಡ್ಡ ಪ್ರಯೋಗಗಳಲ್ಲಿ ಸಾಧಾರಣ ಶೌಚಾಲಯ, ಕೈತೊಳೆಯುವ ವ್ಯವಸ್ಥೆಗಳಿಂದಷ್ಟೇ ಮಕ್ಕಳ ಎತ್ತರ ಹೆಚ್ಚಲಿಲ್ಲ. ಶುದ್ಧ ನೀರು, ಸ್ವಚ್ಛ ಓಣಿ, ಸರಿಯಾದ ಊಟ ಎಲ್ಲವೂ ಒಟ್ಟಿಗೆ ಬೇಕು.

ದುಡಿಮೆ ಮತ್ತು ವಲಸೆ

ಇಳಕಲ್ಲಿನ ನೇಕಾರರ ಮನೆಯಲ್ಲಿ ಮಗ್ಗದ ಸದ್ದಿನ ನಡುವೆಯೇ ಮಗು ಬೆಳೆಯುತ್ತದೆ. ಸೀರೆ ಮುಗಿಸುವ ಗಡಿಬಿಡಿಯಲ್ಲಿ ತಾಯಿಗೆ ಬಿಡುವು ಕಡಿಮೆ. ಮಳೆ ಕೈಕೊಟ್ಟ ವರ್ಷ ಬಾದಾಮಿ, ಹುನಗುಂದ ಕಡೆಯ ಕುಟುಂಬಗಳು ಕಟ್ಟಡ ಕೆಲಸಕ್ಕೆ ಮಂಗಳೂರು, ಗೋವಾಕ್ಕೆ ಹೋಗುತ್ತವೆ. ಮಗು ತಗಡಿನ ಶೆಡ್ಡಿಗೆ ಹೋದಾಗ ಅಂಗನವಾಡಿ, ಲಸಿಕೆ, ಅಜ್ಜಿಯ ಆರೈಕೆ ಮೂರೂ ತಪ್ಪಿಹೋಗಬಹುದು. ಇದು ಯಾವ ತಾಯಿಯ ತಪ್ಪೂ ಅಲ್ಲ. ಸಣ್ಣ ಮಗುವಿಗೆ ದಿನಕ್ಕೆ ಹಲವು ಸಲ ಕೂತು ಉಣಿಸಬೇಕು, ಅದಕ್ಕೆ ಮನೆಯ ಉಳಿದವರೂ ಕೈಜೋಡಿಸಬೇಕು.

ಪ್ರೀತಿಯಿಂದಲೂ ಮೈ ತುಂಬುತ್ತದೆಯೇ?

1948ರಲ್ಲಿ ಜರ್ಮನಿಯ ಎರಡು ಅನಾಥಾಲಯಗಳ ಮಕ್ಕಳನ್ನು ಬ್ರಿಟಿಷ್ ವಿಜ್ಞಾನಿ ಎಲ್ಸಿ ವಿಡೋಸನ್ ಗಮನಿಸಿದರು. ಎರಡೂ ಕಡೆ ಒಂದೇ ಪಡಿತರ. ಆದರೆ ಒಂದು ಕಡೆಯ ಮೇಲ್ವಿಚಾರಕಿ ಊಟದ ಹೊತ್ತಿನಲ್ಲೇ ಮಕ್ಕಳನ್ನು ಗದರಿಸುತ್ತಿದ್ದರು. ಅಲ್ಲಿನ ಮಕ್ಕಳ ತೂಕ ಕಡಿಮೆ ಏರಿತು. ಆರು ತಿಂಗಳ ನಂತರ ಅದೇ ಮೇಲ್ವಿಚಾರಕಿ ಇನ್ನೊಂದು ಅನಾಥಾಲಯಕ್ಕೆ ಹೋದರು. ಆ ಹೊತ್ತಿಗೇ ಅಲ್ಲಿ ಹೆಚ್ಚುವರಿ ಆಹಾರ ಕೊಡಲು ಶುರುವಾಗಿತ್ತು. ಆದರೂ ಅಲ್ಲಿನ ಮಕ್ಕಳ ತೂಕ ನಿರೀಕ್ಷಿಸಿದಷ್ಟು ಏರಲಿಲ್ಲ. ಸದಾ ಹೆದರಿಕೆಯಲ್ಲಿರುವ ಮಗು ಸರಿಯಾಗಿ ಉಣ್ಣುವುದಿಲ್ಲ, ನಿದ್ದೆ ಮಾಡುವುದಿಲ್ಲ, ಅದು ಬೆಳವಣಿಗೆಯ ಮೇಲೂ ಪರಿಣಾಮ ಬೀರುತ್ತದೆ.

ಹಾಗಾದರೆ ಏನು ಮಾಡಬೇಕು?

* ಅಂಗನವಾಡಿಯಲ್ಲಿ ತೂಕ, ಎತ್ತರ ತಪ್ಪದೆ ಅಳೆಸಿ. 5 ವರ್ಷ ತುಂಬಿದ ಗಂಡು ಮಗು 100.7 ಸೆಂ.ಮೀ., ಹೆಣ್ಣು ಮಗು 99.9 ಸೆಂ.ಮೀ.ಗಿಂತ ಕಡಿಮೆ ಇದ್ದರೆ ವೈದ್ಯರಿಗೆ ತೋರಿಸಿ. ಥೈರಾಯ್ಡ್‌ನಂಥ ಕಾರಣವೂ ಇರಬಹುದು.
* 6 ತಿಂಗಳು ಎದೆಹಾಲು ಮಾತ್ರ. ಆಮೇಲೆ ಎದೆಹಾಲಿನ ಜೊತೆ ಬೇಳೆಯಲ್ಲಿ ನೆನೆಸಿ ಮಿದ್ದ ಜೋಳದ ರೊಟ್ಟಿ, ಹೆಸರುಕಾಳು, ಮೊಸರು, ಸೊಪ್ಪು, ತಿನ್ನುವವರಾದರೆ ಮೊಟ್ಟೆ.
* ಗರ್ಭಿಣಿ, ಬಾಣಂತಿಯರು 2017ರಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯ ಊಟ ಬಿಡಬೇಡಿ.
* ದುಡಿಯಲು ಬೇರೆ ಊರಿಗೆ ಹೋಗುವಾಗ ತಾಯಿ ಕಾರ್ಡ್ ಜೊತೆಗಿರಲಿ. ಅಲ್ಲಿನ ಅಂಗನವಾಡಿಗೆ ಮಗುವಿನ ಹೆಸರು ವರ್ಗಾಯಿಸಲು ಇಲ್ಲಿನ ಕಾರ್ಯಕರ್ತೆಗೆ ಹೇಳಿ.
* 5 ವರ್ಷದೊಳಗಿನ ಮಗುವಿನ ರಟ್ಟೆಯ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ (6 ತಿಂಗಳ ನಂತರ) ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಗಿಡ್ಡಗಿರುವ ಪ್ರತಿ ಮಗುವಿಗೂ ತೊಂದರೆ ಇದೆ ಎಂದಲ್ಲ. ತನ್ನ ಗತಿಯಲ್ಲಿ ನಿಲ್ಲದೆ ಬೆಳೆಯುತ್ತಿರುವ ಮಗು ಆರೋಗ್ಯವಾಗಿಯೇ ಇರಬಹುದು. ಎರಡು ವರ್ಷ ದಾಟಿತೆಂದು ಕೈಚೆಲ್ಲಬೇಕಿಲ್ಲ, ಆಮೇಲೂ ಸ್ವಲ್ಪಮಟ್ಟಿಗೆ ಸುಧಾರಣೆ ಸಾಧ್ಯ. ಆದರೆ ಎಷ್ಟು ಬೇಗ ಗಮನಿಸಿದರೆ ಅಷ್ಟು ಒಳ್ಳೆಯದು. ಎತ್ತರದ ಪುಡಿಯ ಸಂದೇಶ ಮುಂದಿನ ಸಲ ಬಂದಾಗ ಅದನ್ನು ಅಲ್ಲೇ ಬಿಟ್ಟು, ಮನೆಯ ಮಗುವಿನ ತಾಯಿ ಕಾರ್ಡ್ ತೆಗೆದು ನೋಡಿ.